ವರ್ಸೈಗೆ ಹೋಗಿಬಂದ ಮೈಸೂರಿನವರು, ಅವರ ಜಾಡು ನಮ್ಮ ರೈಲು ದಾರಿಯಲ್ಲೇ!

ವಿರೂಪಾಕ್ಷಿಪುರದಿಂದ ಬೆಳಿಗ್ಗೆ ಹೊರಟು, ಚನ್ನಪಟ್ಟಣದಲ್ಲಿ ಮೈಸೂರು ಕಡೆಯ ರೈಲು ಹಿಡಿದು, ಮದ್ದೂರಿನಲ್ಲೊಂದು ವಡೆ ತಿಂದು ಮುಗಿಸುವಷ್ಟರಲ್ಲಿ ನೀವು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಅರಮನೆಗೆ ಅರ್ಧ ದಾರಿ ಬಂದಿರುತ್ತೀರಿ. ನಗಬೇಡಿ! ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್‌ನ ಗೋಡೆಯೆದುರು ನಿಲ್ಲುವವರೆಗೆ ನಾನೂ ನಂಬಿರಲಿಲ್ಲ.

ಚನ್ನಪಟ್ಟಣದವರಿಗೆ ಟಿಪ್ಪು ಹೊಸಬನಲ್ಲ. ನಮ್ಮ ಗೊಂಬೆಗಳಿಗೂ ರೇಷ್ಮೆಗೂ ಅವನ ಹೆಸರು ಅಂಟಿಕೊಂಡೇ ಇದೆ. ಆದರೆ ಅವನ ರಾಯಭಾರಿಗಳು ಫ್ರಾನ್ಸಿನ ಅರಮನೆಗಳನ್ನು ಒಂದೊಂದಾಗಿ ಸುತ್ತಿ ನೋಡಿದ್ದರೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದರು. ತೂಲೊನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ. ಹೆಚ್ಚು ಕಡಿಮೆ ಒಂದು ವರ್ಷ ನೀರಿನ ಮೇಲೆ! ಪ್ಯಾರಿಸ್ಸಿನಲ್ಲಿ ಇವರನ್ನು ನೋಡಲು ಜನ ಮುಗಿಬಿದ್ದರು. ಆಗಸ್ಟ್ 10ರಂದು ವರ್ಸೈ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ ಲೂಯಿಯ ದರ್ಶನವಾಯಿತು. ಸೇಂಟ್ ಕ್ಲೂ ಅರಮನೆಯ ಉದ್ಯಾನದಲ್ಲಿ ಇವರು ಅಡ್ಡಾಡಿದ್ದನ್ನೂ ಅಲ್ಲಿನ ಚಿತ್ರಕಾರನೊಬ್ಬ ಬಿಡದೆ ಬರೆದಿಟ್ಟ: ನಿಲುವಂಗಿ ತೊಟ್ಟ ನಮ್ಮವರು ನಡುವೆ, ಕೊಡೆ ಹಿಡಿದ ಪ್ಯಾರಿಸ್ಸಿನ ಹೆಂಗಸರು ಸುತ್ತ. ಪ್ರವಾಸಿಗರು ಯಾರು, ಪ್ರೇಕ್ಷಣೀಯರು ಯಾರು, ಹೇಳಿ ನೋಡೋಣ.

ಇನ್ನೂ ಕೇಳಿ. ರಾಣಿ ಮೇರಿ ಆಂತ್ವಾನೆತ್‌ಳ ಮೆಚ್ಚಿನ ಚಿತ್ರಗಾರ್ತಿ ವಿಜೆ ಲ ಬ್ರೂನ್ ಇವರನ್ನು ನಾಟಕಶಾಲೆಯಲ್ಲಿ ಕಂಡು ಚಿತ್ರ ಬರೆಯಲೇಬೇಕೆಂದು ಹಟ ಹಿಡಿದಳು. ದೊರೆಯೇ ಹೇಳಿಕಳಿಸಿದ ಮೇಲೆ ಇವರು ಒಪ್ಪಿದರು. ಬಿಳಿಯ ನಿಲುವಂಗಿ, ಕೈಯಲ್ಲಿ ಕತ್ತಿ, ನೋಡುವವರನ್ನು ಲೆಕ್ಕಕ್ಕೇ ಇಡದ ಠೀವಿ. ದರ್ವೇಶ್ ಖಾನನ ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೇಲೆ ಹೋಯಿತು.

ಹೋದ ಕೆಲಸ ಮಾತ್ರ ಆಗಲಿಲ್ಲ. ಇಂಗ್ಲಿಷರ ವಿರುದ್ಧ ಸೈನ್ಯ ಕೊಡಿ ಎಂದರೆ, ಬೊಕ್ಕಸ ಬರಿದಾಗಿದ್ದ ಲೂಯಿ ನಯವಾಗಿ ಜಾರಿಕೊಂಡ. ಸೆವ್ರ್ ಕಾರ್ಖಾನೆಯ ಪಿಂಗಾಣಿ ಕೊಟ್ಟ, ಕೆಲವು ಕುಶಲಕರ್ಮಿಗಳನ್ನೂ ಬಿತ್ತನೆ ಬೀಜಗಳನ್ನೂ ಕಳಿಸಿದ. ಮರು ಜುಲೈನಲ್ಲಿ ಬ್ಯಾಸ್ಟಿಲ್ ಕೋಟೆ ಬಿತ್ತು, 1793ರಲ್ಲಿ ಲೂಯಿಯ ತಲೆಯೂ!

ಈಗ ದರಿಯಾ ದೌಲತ್‌ಗೆ ಬನ್ನಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ. ಹೊರಗಿನಿಂದ ನೋಡಿದರೆ ಬಿಸಿಲಿಗೆ ಇಳಿಬಿಟ್ಟ ಹಸಿರು ಪರದೆಗಳಷ್ಟೇ. ಪರದೆ ದಾಟಿ ಒಳಗೆ ಕಾಲಿಟ್ಟಿರೋ, ಕಂಬ, ಕಮಾನು, ಚಾವಣಿ, ಮೂಲೆ, ಬಣ್ಣ ಬಳಿಯದ ಬೆರಳಗಲ ಜಾಗವಿಲ್ಲ! ಪಶ್ಚಿಮದ ಗೋಡೆಯ ತುಂಬ ಮೈಸೂರು ಪಡೆ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ. ನಡುವೆ ಚೌಕ ಕಟ್ಟಿ ನಿಂತ ಕೆಂಪಂಗಿಯ ಕಂಪನಿ ಸಿಪಾಯಿಗಳು, ಅವರ ಮದ್ದಿನ ಬಂಡಿಗೆ ಬೆಂಕಿ ಬಿದ್ದು ಎದ್ದ ಜ್ವಾಲೆ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಅವರ ಗಾಯಾಳು ನಾಯಕ ಕರ್ನಲ್ ಬೇಲಿ. ಅಲ್ಲೇ ಒಂದು ಬದಿಗೆ ದುರ್ಬೀನು ಕಣ್ಣಿಗೆ ಹಿಡಿದು ಆ ಸ್ಫೋಟವನ್ನೇ ನೋಡುತ್ತಿರುವ ಲಾಲಿ ಎಂಬ ಫ್ರೆಂಚ್ ಸರದಾರ, ನಮ್ಮ ಕಡೆಯವನು! ನೂರಾರು ಕುದುರೆ, ಕತ್ತಿ, ರುಂಡಗಳ ನಡುವೆ ಅವನನ್ನು ಹುಡುಕಿ ತೆಗೆಯುವುದೇ ಒಂದು ಆಟ.

ಈ ಗೋಡೆ ಉಳಿದಿದ್ದೂ ಒಂದು ಪವಾಡವೇ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಇಲ್ಲಿ ಬಿಡಾರ ಹೂಡಿದವನು ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ಅದೇ ವರ್ಷದ ಆರಂಭದಲ್ಲಿ ಈಜಿಪ್ಟಿನಿಂದ ಟಿಪ್ಪುವಿಗೆ ಕಾಗದ ಬರೆದ (ಅದು ಇಂಗ್ಲಿಷರ ಕೈಗೆ ಸಿಕ್ಕಿಬಿತ್ತು) ನೆಪೋಲಿಯನ್ ಇದ್ದಾನಲ್ಲ, ಅವನನ್ನು 1815ರಲ್ಲಿ ವಾಟರ್ಲೂನಲ್ಲಿ ಸೋಲಿಸಿದವನೂ ಇದೇ ವೆಲ್ಲೆಸ್ಲಿ! ಚಿತ್ರಗಳು ಮಾಸಿಹೋದಾಗ ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದ. ಬರೆದವನು ಮೂಲ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಇಲ್ಲಿನವನೇ ಆದ ಕಲಾವಿದ.

ಕೋಟೆಯೊಳಗೆ ಟಿಪ್ಪುವಿನ ಮದ್ದಿನಮನೆಯನ್ನೂ ತಪ್ಪಿಸಬೇಡಿ. ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಅದನ್ನು ಒಡೆಯದೆ, ಬುಡಸಮೇತ ಜಾಕಿಯ ಮೇಲೆತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದ್ದಾರೆ. ಇಂದು ನೀವು ಬಂದ ರೈಲು ಅದಕ್ಕೇ ಸರಾಗವಾಗಿ ಓಡಿದ್ದು.

ಬರುವಾಗ ಪಾಂಡವಪುರದಲ್ಲಿ ಇಳಿಯಲೇಬೇಕು. ಹಿಂದಿನ ಹೆಸರು ಹಿರೋಡೆ, ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಡೇರೆ ಹಾಕಿದ್ದು ಇಲ್ಲಿನ ಬಂಡೆಗುಡ್ಡಗಳ ಮಗ್ಗುಲಲ್ಲಿ. ಈಗ ಸುತ್ತ ಕಬ್ಬಿನ ಗದ್ದೆ. ಫ್ರೆಂಚರ ಗುರುತು ಹುಡುಕಿಕೊಂಡು ಹೋದರೆ ಪಾಂಡವರ ಕಥೆ ಅಂಟಿಕೊಂಡ ಕುಂತಿಬೆಟ್ಟದ ದಾರಿ ತೋರಿಸುತ್ತಾರೆ. ಭೀಮ, ಬಕಾಸುರರ ಮುಂದೆ ಲೂಯಿಯ ಸಿಪಾಯಿಗಳನ್ನು ಯಾರು ಕೇಳಬೇಕು!

ಒಂದು ಹೊಟ್ಟೆಯುರಿ ಮಾತ್ರ ಉಳಿಯಿತು. ರಾಯಭಾರಿಗಳು ನೋಡಿದ ವರ್ಸೈ ಇಂದಿಗೂ ಝಗಮಗಿಸುತ್ತಿದೆ. ಅವರನ್ನು ಕಳಿಸಿಕೊಟ್ಟ ಟಿಪ್ಪುವಿನ ಲಾಲ್ ಮಹಲ್ ಇದ್ದಲ್ಲಿ, ರಂಗನಾಥಸ್ವಾಮಿ ಗುಡಿಯ ಹತ್ತಿರ, ಮೊಂಡು ಅಡಿಪಾಯವಷ್ಟೇ. ಕೆಡವಿದ್ದಾರೆ. ಆದರೆ ಹಾಗೆಯೇ ಕೆಡವಿದ ಟಿಪ್ಪುವಿನ ಇನ್ನೊಂದು ಅರಮನೆ, ಲಾಲ್ ಬಾಗ್‌ನ ಮರ ಎಲ್ಲಿ ಹೋಯಿತು ಗೊತ್ತೇ? ಊಟಿಗೆ! ಶ್ರೀರಂಗಪಟ್ಟಣದಿಂದ ಆ ತೊಲೆಗಳನ್ನು ನೀಲಗಿರಿ ಹತ್ತಿಸಿ, ಸೇಂಟ್ ಸ್ಟೀಫನ್ ಚರ್ಚಿನ ಚಾವಣಿಗೆ ಏರಿಸಿದರು. ಊಟಿಗೆ ಹೋಗುವವರು ಬೊಟಾನಿಕಲ್ ಗಾರ್ಡನ್ನು, ದೋಣಿ ಅಂತ ಓಡಾಡುವ ಮೊದಲು ಆ ಚರ್ಚಿಗೆ ಹೊಕ್ಕು ತಲೆಯೆತ್ತಿ ನೋಡಿ.