ವಿದ್ಯಾಪೀಠದ ಶ್ರೇಷ್ಠತೆಗೆ ಲಕ್ಷಣವೇನು?

ವಿಶ್ವವಿದ್ಯಾನಿಲಯಗಳ ತಾರತಮ್ಯವನ್ನು ನಿರ್ಣಯಿಸುವಾಗ ಲೋಕದಲ್ಲಿ ಸಾಮಾನ್ಯವಾಗಿ ಮೂರು ಹೇತುಗಳು ಹೇಳಲ್ಪಡುವುವು: ಪ್ರವೇಶವು ದುರ್ಲಭವಾಗಿರುವುದು, ಪದವೀಧರರು ಖ್ಯಾತರಾಗಿರುವುದು, ಸೌಧಸಂಪತ್ತು ಹೇರಳವಾಗಿರುವುದು. ಇವು ಸದ್ಧೇತುಗಳೋ ಹೇತ್ವಾಭಾಸಗಳೋ ಎಂಬುದನ್ನು ಪರಿಶೀಲಿಸತಕ್ಕುದು.

ಮೊದಲನೆಯದಕ್ಕೆ ನಾಲಂದವೇ ದೃಷ್ಟಾಂತವು. ಕ್ರಿ. ಶ. 7ನೆಯ ಶತಮಾನದಲ್ಲಿ ಅಲ್ಲಿ ವ್ಯಾಸಂಗಮಾಡಿದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು, ವಾದಾರ್ಥಿಗಳಾಗಿ ಬಂದವರನ್ನು ದ್ವಾರಪಾಲಕನೇ ಪ್ರಶ್ನಿಸುತ್ತಿದ್ದನೆಂದೂ, ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಉತ್ತರಿಸಲಾರದೆ ಹಿಂದಿರುಗುತ್ತಿದ್ದರೆಂದೂ ಬರೆದಿರುವನು. ಇದರಿಂದ ಒಳಹೊಕ್ಕವರು ಮೊದಲೇ ವಿದ್ವಾಂಸರೆಂದು ಸಿದ್ಧಿಸುವುದಲ್ಲದೆ, ಒಳಗಿನ ಬೋಧನೆಯು ಅವರನ್ನು ವಿದ್ವಾಂಸರನ್ನಾಗಿ ಮಾಡಿತೆಂದು ಸಿದ್ಧಿಸಲಾರದು. ಆದುದರಿಂದ ನಾಲಂದದ ಹಿರಿಮೆಗೇನೂ ಕುಂದಿಲ್ಲ. ಅದಕ್ಕೆ ಪ್ರಮಾಣವು ಬೇರೆಡೆಯಲ್ಲಿರುವುದು. ವಯೋವೃದ್ಧನಾದ ಶೀಲಭದ್ರನು ಪರದೇಶದಿಂದ ಬಂದ ಆ ಯಾತ್ರಿಕನಿಗೆ ಯೋಗಾಚಾರಶಾಸ್ತ್ರವನ್ನು ಪಾಠಹೇಳಿದುದೇ ಬಾಗಿಲಿನ ಕಾಠಿನ್ಯಕ್ಕಿಂತ ಬಲವತ್ತರವಾದ ಸಾಕ್ಷ್ಯವು.

ಎರಡನೆಯ ಹೇತುವಾದರೋ ವ್ಯಭಿಚರಿತವಾದುದು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯನ್ನನುಸರಿಸಿ ಮುಖ್ಯವಾಗಿ ಪರೀಕ್ಷಾಸಂಸ್ಥೆಗಳಾಗಿದ್ದುವು. ಪಾಠಹೇಳುವ ಕಾರ್ಯವು ಕಾಲೇಜುಗಳದಾಗಿದ್ದಿತು. ಆದರೂ ಅವುಗಳ ಪದವೀಧರರಲ್ಲಿ ಖ್ಯಾತರು ಅನೇಕರು. ಪಾಠವನ್ನೇ ಹೇಳದ ಸಂಸ್ಥೆಗೂ ಖ್ಯಾತಶಿಷ್ಯರು ದೊರಕುವುದಾದರೆ, ಶಿಷ್ಯರ ಖ್ಯಾತಿಯಿಂದ ಸಂಸ್ಥೆಯ ಬೋಧನೆಯನ್ನು ಅನುಮಾನಿಸುವುದೆಂತು?

ಸೌಧಗಳ ವಿಷಯದಲ್ಲಿ ನೈಯಾಯಿಕರ ಅನ್ಯಥಾಸಿದ್ಧದ ನಿದರ್ಶನವೇ ಸಾಕು. ಮಣ್ಣನ್ನು ಹೊತ್ತು ತಂದ ಕತ್ತೆಯು ಕುಂಬಾರನ ಸಮೀಪದಲ್ಲಿದ್ದ ಮಾತ್ರಕ್ಕೆ ಘಟಕ್ಕೆ ಕಾರಣವೆನಿಸದು.

ಹಾಗಾದರೆ ಪೂರ್ವಿಕರು ಯಾವುದಕ್ಕೆ ಗಮನವಿತ್ತರು? ವಿಜಯಪುರ ಜಿಲ್ಲೆಯ ಸಾಲೊಟಗಿಯ ಕ್ರಿ. ಶ. 945ರ ಶಾಸನದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯ ಉಲ್ಲೇಖವುಂಟು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ನಿವಾಸಗಳು, ಉಪಾಧ್ಯಾಯನಿಗೆ ಭೂಮಿ, ದೀಪಗಳಿಗೆ ಪ್ರತ್ಯೇಕ ಭೂಮಿ, ಇವು ಅಲ್ಲಿ ಹೇಳಲ್ಪಟ್ಟಿವೆ. ನಾಗಾವಿಯ 1058ರ ಶಾಸನವು ಘಟಿಕಾಸ್ಥಾನದಲ್ಲಿ ವೇದಾಧ್ಯಯನಮಾಡುವ 200 ಮಂದಿಯ ಜತೆಗೆ ಗ್ರಂಥಗಳನ್ನು ಕಾಪಾಡುವ 6 ಮಂದಿ ಸರಸ್ವತೀಭಂಡಾರಿಗರನ್ನೂ ನಿಯಮಿಸಿದೆ. ಶಾಸನಗಳು ವ್ಯವಸ್ಥೆಯನ್ನು ತಿಳಿಸುವುವೇ ಹೊರತು ಫಲವನ್ನು ತಿಳಿಸವು. ಆದರೂ ಗುರು, ಗ್ರಂಥ, ಇರುಳೋದಿಗೆ ದೀಪ, ಇವೇ ವಿದ್ಯೆಗೆ ಸಮೀಪಸಾಧನಗಳೆಂಬ ವಿವೇಕವು ದಾತೃಗಳಲ್ಲಿದ್ದಿತೆಂಬುದು ಸ್ಪಷ್ಟವು.

ಆದಕಾರಣ ವಿದ್ಯಾರ್ಥಿಯು ಬರುವಾಗ ಎಷ್ಟನ್ನರಿತಿದ್ದನು, ಹೊರಡುವಾಗ ಎಷ್ಟನ್ನರಿತನು ಎಂಬ ಅಂತರವೇ ವಿದ್ಯಾಪೀಠದ ಮುಖ್ಯಲಕ್ಷಣವೆನ್ನಬೇಕು. ಈ ವಿಚಾರವು ಕೇವಲ ತರ್ಕವಿನೋದವಲ್ಲ. ಬಾಗಿಲಿನ ಕಾಠಿನ್ಯವನ್ನೇ ಶ್ರೇಷ್ಠತೆಯೆಂದು ಬಗೆದರೆ, ಸಾಮಾನ್ಯನನ್ನು ಸೇರಿಸಿಕೊಂಡು ಸಮರ್ಥನನ್ನಾಗಿಸುವ ಸಂಸ್ಥೆಯು ಕೀಳೆನಿಸುವುದು. ಸಮರ್ಥನನ್ನೇ ಆರಿಸಿಕೊಂಡು ಇದ್ದಂತೆಯೇ ಕಳುಹಿಸುವುದು ಮೇಲೆನಿಸುವುದು. ಆಗ ನಷ್ಟವು ದ್ವಾರದಿಂದ ಹಿಂದಿರುಗಿದ ಆ ಏಳೆಂಟು ಮಂದಿಯದು. ಅವರಿಗೆ ಪಾಠಹೇಳುವವರಿಗೆ ಮರ್ಯಾದೆಯೇ ಇಲ್ಲದಂತಾಗುವುದು.