ಸಾಸಿವೆ ಹೆಕ್ಕುವ ಮಗುವಿಗೆ ರಾತ್ರಿ ಏನು ಬಡಿಸುವುದು?

ನನ್ನ ಮಗಳಿಗೆ 4 ವರ್ಷ. ಮೊಸರನ್ನದ ಸಾಸಿವೆಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಾಳೆ. ಕರಿಬೇವಿನ ಚೂರು ಕಂಡರಂತೂ ಊಟ ಅಲ್ಲಿಗೇ ಮುಗಿಯಿತು.

ಇದು ಹಟಕ್ಕಿಂತ ಹೆಚ್ಚಾಗಿ ವಯಸ್ಸಿನ ಗುಣ. ಮಗುವಿನ ತೂಕ ಮೊದಲ ವರ್ಷದಲ್ಲಿ ಸುಮಾರು 3 ಪಟ್ಟಾಗುತ್ತದೆ, ಎರಡನೇ ವರ್ಷ ಏರುವುದು ಎರಡು–ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಅದರ ಮೇಲೆ 2ರಿಂದ 6 ವರ್ಷದ ತನಕ ಗುರುತಿಲ್ಲದ ತಿನಿಸಿನ ಭಯ ಬೇರೆ. ಹೊಸ ರುಚಿ ನಾಲಿಗೆಗೆ ಒಗ್ಗಲು 8–10 ಸಲ, ಕೆಲವೊಮ್ಮೆ 15 ಸಲ ಬೇಕು. ನಾವೋ ಮೂರನೇ ಸಲಕ್ಕೇ "ಇವಳಿಗೆ ಸೇರಲ್ಲ" ಎಂದುಬಿಡುತ್ತೇವೆ.

ಮೊದಲು ಗಡಿಯಾರ ನೋಡಿ. ಏಳು ಗಂಟೆಗೆ ಬಿಸ್ಕತ್ತು, ಹಾಲು ಕೊಟ್ಟು ಎಂಟಕ್ಕೆ ಊಟಕ್ಕೆ ಕರೆದರೆ ಯಾವ ಮಗುವೂ ಬರುವುದಿಲ್ಲ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಅತಿಯಾದರೆ ಕಬ್ಬಿಣಾಂಶದ ಕೊರತೆಗೂ ಅದೇ ದಾರಿ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು, ಎಷ್ಟು ಎಂಬುದು ಮಗುವಿನ ಪಾಲು ಎನ್ನುತ್ತಾರೆ ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್. ನಮ್ಮ ಮನೆಯ ಅಜ್ಜಿಗೆ ಇದು ಸುತರಾಂ ಒಪ್ಪಿಗೆಯಿಲ್ಲ.

ಇನ್ನು ಅಡುಗೆ. ಈಗ ತಿನ್ನುತ್ತಿರುವುದರ ನೆರೆಮನೆಗೆ ಹೋದರೆ ಸಾಕು. ದೋಸೆ ಇಷ್ಟವೇ? ಅದೇ ಹಿಟ್ಟಿನಲ್ಲಿ ಪಡ್ಡು ಮಾಡಿ. ಹಂಚು ಕಾದ ಮೇಲೆ ಗುಳಿಗೆ ನಾಲ್ಕು ಹನಿ ಎಣ್ಣೆ, ಮುಕ್ಕಾಲು ಮಟ್ಟ ಹಿಟ್ಟು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು–ಮೂರು ನಿಮಿಷ ಬೇಯಿಸಿ ಮಗುಚಿ. ಮೊದಲ ದಿನ ಬರೀ ಹಿಟ್ಟು. ಮುಂದಿನ ಸಲ ಎರಡೇ ಎರಡು ಪಡ್ಡಿಗೆ ಕ್ಯಾರೆಟ್ ತುರಿ, ಅದನ್ನು ಬಟ್ಟಲಲ್ಲಿ ಮಗುವೇ ಕಲಸಲಿ. ಬೀಟ್ರೂಟ್ ರುಬ್ಬಿ ಗುಟ್ಟಾಗಿ ಸೇರಿಸುವ ಉಪಾಯ ನನಗೆ ಹಿಡಿಸದು. ಒಮ್ಮೆ ಸಿಕ್ಕಿಬಿದ್ದರೆ ದೋಸೆಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಅನ್ನದ ಮಕ್ಕಳಿಗೆ ಖಾರವಿಲ್ಲದ ಪೊಂಗಲ್ ಸುಲಭ. ಅಕ್ಕಿಯಷ್ಟೇ ಹೆಸರುಬೇಳೆ, ಧಾರಾಳ ನೀರು, ಚಿಟಿಕೆ ಅರಿಸಿನ, ನಾಲ್ಕು ಸೀಟಿ, ಮೇಲೆ ತುಪ್ಪ. ಜೀರಿಗೆಯನ್ನು ಪುಡಿ ಮಾಡಿ ಹಾಕಿ. ಮೆಣಸು, ಕರಿಬೇವಿನ ಒಗ್ಗರಣೆ ದೊಡ್ಡವರ ಪಾಲಿಗೆ ಬೇರೆ ಇರಲಿ. ಚಪಾತಿಯಾದರೆ ತುಪ್ಪ, ಶೇಂಗಾ ಪುಡಿ ಸವರಿ ಸುರುಳಿ ಸುತ್ತಿ, ಪಕ್ಕದಲ್ಲಿ ಒಂದೇ ಚಮಚ ಪಲ್ಯ ಇಡಿ. ತಿನ್ನು ಎನ್ನಬೇಡಿ. ಇಡೀ ಶೇಂಗಾ ಮಾತ್ರ ಪುಟ್ಟ ಮಕ್ಕಳಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇಪದೇ ಕೆಮ್ಮು, ವಾಂತಿ ಬಂದರೆ, ಮೊದಲು ತಿನ್ನುತ್ತಿದ್ದವೂ ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಕ್ಯಾರೆಟ್ ಪಡ್ಡನ್ನು ನನ್ನವಳು ಮೊದಲ ವಾರ ಮೂಸಿದಳು. ಆಮೇಲೆ "ಇದು ಅಪ್ಪಂಗೆ" ಅಂದಳು. ಮೊನ್ನೆ ಅರ್ಧ ಕಚ್ಚಿ, ಉಳಿದರ್ಧವನ್ನು ಚಟ್ನಿಯ ಸಾಸಿವೆ ಸಾಲಿನ ಕೊನೆಗೆ ಇಟ್ಟಳು.