ಬೈಕ್ ಮೇಲೆ ಬಂಪರ್: ಭಾರಕ್ಕಿಂತ ಅಗಲವೇ ಅಪಾಯ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಂದ ಹೊರಡುವ ದ್ವಿಚಕ್ರ ವಾಹನಗಳ ಮೇಲೆ ಏನೆಲ್ಲ ಸಾಗುತ್ತದೆ! ಕಾರಿನ ಬಂಪರ್, ಉದ್ದನೆಯ ಸೈಲೆನ್ಸರ್, ಮುಂಭಾಗದ ಗಾಜು, ಸವಾರನ ಹೆಗಲಿಗೇರಿದ ಟಯರು. ಲಗೇಜ್ ಆಟೋದ ಬಾಡಿಗೆ ಉಳಿಸಲು ಗ್ಯಾರೇಜಿನ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು ಕಳುಹಿಸುವುದು ಇತರ ಊರುಗಳಿಗೂ ಹೊಸದಲ್ಲ.

'ಎಷ್ಟು ಕೆಜಿ' ಎಂಬುದೊಂದನ್ನೇ ನೋಡಿ ಹೊರಡುವುದು ತಪ್ಪು ಲೆಕ್ಕ. ಪ್ಲಾಸ್ಟಿಕ್ ಬಂಪರ್ ಕೆಲವೇ ಕೆಜಿ ತೂಗುತ್ತದೆ. ಆದರೆ ಅದನ್ನು ಅಡ್ಡಲಾಗಿ ಹಿಡಿದು ಕುಳಿತರೆ ಬೈಕು ಕಾರಿನಷ್ಟೇ ಅಗಲವಾಗುತ್ತದೆ. ಸವಾರನ ಕಣ್ಣಳತೆ ಮಾತ್ರ ಹ್ಯಾಂಡಲಿನ ಅಗಲಕ್ಕೆ ಪಳಗಿದ್ದು. ಎರಡು ಬಸ್ಸುಗಳ ನಡುವೆ ನುಸುಳುವಾಗ ತುದಿ ಸ್ವಲ್ಪ ತಗುಲಿದರೂ ಬಂಪರ್ ಸನ್ನೆಕೋಲಿನಂತೆ ವರ್ತಿಸಿ ವಾಹನವನ್ನೇ ತಿರುಗಿಸಿಬಿಡಬಲ್ಲದು.

ಗಾಜಿನ ಕಥೆ ಬೇರೆ. ಒಂದು ಚದರ ಮೀಟರ್ ವಿಸ್ತಾರದ ಹಲಗೆಯನ್ನು ಗಾಳಿಗೆ ಎದುರಾಗಿ ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದರ ಮೇಲೆ ಬೀಳುವ ಒತ್ತಡ ಸುಮಾರು 9 ಕೆಜಿ ತೂಕಕ್ಕೆ ಸಮ. ವೇಗ 60 ಆದರೆ ಅದು 20 ಕೆಜಿ ಮೀರುತ್ತದೆ. ಗಾಜನ್ನು ಉದ್ದಕ್ಕೆ ತಿರುಗಿಸಿ ಹಿಡಿದರೆ ಈ ಒತ್ತಡ ತಗ್ಗುತ್ತದೆ, ನಿಜ. ಆಗ ಪಕ್ಕದಲ್ಲಿ ಲಾರಿ ಹಾದುಹೋದಾಗ ಬೀಸುವ ಗಾಳಿ ಹಾಯಿಗೆ ಬಡಿದಂತೆ ಬಡಿಯುತ್ತದೆ. ಹಿಂಬದಿ ಕುಳಿತವನ ಎರಡೂ ಕೈಗಳು ಗಾಜಿನ ಮೇಲಿರುವುದರಿಂದ ಅವನಿಗೆ ಹಿಡಿದುಕೊಳ್ಳಲು ಆಸರೆಯೇ ಇಲ್ಲ.

ನಿಜವಾಗಿಯೂ ಭಾರವಾದ ವಸ್ತುಗಳಲ್ಲಿ ಇಡುವ ಜಾಗವೇ ಮುಖ್ಯ. ಸಾಧಾರಣ 100 ಸಿಸಿ ಬೈಕಿನ ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ ಸುಮಾರು ಒಂದೂಕಾಲು ಮೀಟರ್. 30 ಕೆಜಿ ತೂಕದ ಗೇರ್‌ಬಾಕ್ಸನ್ನು ಹಿಂದಿನ ಅಚ್ಚಿನಿಂದ 30 ಸೆಂ.ಮೀ. ಆಚೆಗೆ ಕ್ಯಾರಿಯರ್ ಮೇಲೆ ಕಟ್ಟಿದರೆ, ಮುಂದಿನ ಚಕ್ರದ ಮೇಲಿನ ಭಾರ 7 ಕೆಜಿಯಷ್ಟು ಇಳಿಯುತ್ತದೆ. ಹ್ಯಾಂಡಲ್ ಹಗುರವಾಗಿ ತೊಯ್ದಾಡುತ್ತದೆ, ಹೆಡ್‌ಲೈಟ್ ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಅದೇ ಭಾರ ಸೀಟಿನ ಮೇಲೆ, ಸವಾರನ ಬೆನ್ನಿಗೆ ತಾಗಿದಂತಿದ್ದರೆ ಈ ತೊಂದರೆ ಬಹುಪಾಲು ಕಾಣದು. ಕಟ್ಟಲು ಗ್ಯಾರೇಜುಗಳಲ್ಲಿ ಬಳಸುವ ಹಳೆಯ ಟ್ಯೂಬಿನ ಪಟ್ಟಿ ಗುಂಡಿಗೆ ಇಳಿದಾಗಲೆಲ್ಲ ಹಿಗ್ಗುತ್ತದೆ. ನೈಲಾನ್ ಹಗ್ಗ ಬಿಸಿ ಸೈಲೆನ್ಸರಿಗೆ ತಗುಲಿದರೆ ಕರಗುತ್ತದೆ. ಜೋತುಬಿದ್ದ ತುದಿ ಚಕ್ರಕ್ಕೆ ಸುತ್ತಿಕೊಂಡರಂತೂ ಬೈಕು ಇದ್ದಕ್ಕಿದ್ದಂತೆ ಕಚ್ಚಿ ನಿಲ್ಲಬಹುದು. ಹೆಗಲಿನ ಟಯರಿಗೆ ಕಟ್ಟೂ ಇಲ್ಲ. ಅದು ತೋಳನ್ನು ಬಿಗಿದು, ಸವಾರ ಕತ್ತು ಹೊರಳಿಸಿ ಹಿಂದೆ ನೋಡದಂತೆ ಮಾಡುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2020ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬೈಕಿಗೆ ಅಳವಡಿಸುವ ಹಗುರ ಪೆಟ್ಟಿಗೆಗೆ 550 ಮಿ.ಮೀ. ಉದ್ದ, 510 ಅಗಲ, 500 ಎತ್ತರದ ಮಿತಿ ಹಾಕಿತು. ಪೆಟ್ಟಿಗೆ ಹಿಂಬದಿ ಸವಾರನ ಜಾಗದಲ್ಲಿದ್ದರೆ ಚಾಲಕನೊಬ್ಬನೇ ಸಾಗಬೇಕು. ಬಂಪರ್ ಈ ಅಳತೆಯ ಹತ್ತಿರವೂ ಸುಳಿಯದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194(1ಎ) ಕಲಮಿನ ಪ್ರಕಾರ, ಅನುಮತಿಸಿದ ಮಿತಿ ಮೀರಿ ಸರಕು ಹೊರಚಾಚಿದರೆ ದಂಡ 20,000 ರೂಪಾಯಿ. ಗ್ಯಾರೇಜು ಮಾಲೀಕರು ಸಾಮಾನ್ಯವಾಗಿ ಗಮನಿಸದ ಮಾತೊಂದು ಅದೇ ಕಲಮಿನಲ್ಲಿದೆ: ವಾಹನ ಓಡಿಸಿದ ಹುಡುಗನಷ್ಟೇ ಅಲ್ಲ, ಹಾಗೆ ಓಡಿಸಲು ಕಳುಹಿಸಿದವರೂ ಬಿಟ್ಟವರೂ ಅದರ ವ್ಯಾಪ್ತಿಗೆ ಬರುತ್ತಾರೆ.